ಏಳನೇ ಮೊಳೆಯ ಕೋಟು

ಗಡಿ ಠಾಣೆ
22 ಆಗಸ್ಟ್ 1999

ತೊಕ್ತಾಸಿನ್ ನಗಾಶಿಗೆ, ನಿಮ್ಮ ತಂಗಿಯ ಮಗ ಕೆಂಜೆಬೆಕ್‌ನ ಸಲಾಂ.

ಮನೆಯಲ್ಲಿ ಎಲ್ಲರೂ ಸೌಖ್ಯವೇ? ಕುಲ್ಯಾಶ್ ಅತ್ತೆಯ ಮೊಣಕಾಲು ಹೇಗಿದೆ? ಕಂದು ಹಸು ಕರು ಹಾಕಿತೇ? ಕೇಳಬೇಕಾದ್ದನ್ನೆಲ್ಲ ಕ್ರಮವಾಗಿ ಕೇಳಿದ್ದೇನೆ, ಇನ್ನು ವಿಷಯಕ್ಕೆ ಬರುತ್ತೇನೆ.

ನವೆಂಬರ್ ಇಪ್ಪತ್ತೈದಕ್ಕೆ ನನ್ನ ಎರಡು ವರ್ಷದ ಸೇನಾ ಸೇವೆ ಮುಗಿಯುತ್ತದೆ. ನಮ್ಮ ಮೇಜರ್ ಮೊನ್ನೆ ಕರೆದು, "ಇನ್ನೂ ಮೂರ್ ವರ್ಷಕ್ಕೆ ರುಜು ಹಾಕ್ತೀಯೇನೋ? ಇನ್ಮೇಲೆ ಸಂಬಳಾನೂ ಕೊಡ್ತೀವಿ. ಊರಿಗ್ ಹೋಗಿ ಏನ್ ಕಡಿದು ಗುಡ್ಡೆ ಹಾಕ್ತೀಯ?" ಎಂದರು. ನವೆಂಬರ್ ಒಂದರೊಳಗೆ ಉತ್ತರ ಹೇಳಬೇಕು. ಇಲ್ಲಿ ನನ್ನ ಕೆಲಸ ಒಂದು ಬೋಳುಗುಡ್ಡವನ್ನು ನೋಡುವುದು. ಎರಡು ವರ್ಷ ನೋಡಿದೆ, ಗುಡ್ಡ ಎಲ್ಲಿಗೂ ಹೋಗಲಿಲ್ಲ. ಇನ್ನೂ ಮೂರು ವರ್ಷ ನೋಡಿದರೆ ನನಗೆ ಹುಚ್ಚು ಹಿಡಿಯುತ್ತದೆ. ಅಪ್ಪ ಹೋದ ಮೇಲೆ ಅಮ್ಮ ಒಬ್ಬಳೇ ಬ್ರೆಡ್ ಕಾರ್ಖಾನೆಗೆ ಹೋಗಿ ಬಂದು ಮಾಡುತ್ತಿದ್ದಾಳೆ. ಶಾಲೆಯ ಬಾಯ್ಲರ್‌ಗೆ ಚಳಿಗಾಲಕ್ಕೆ ಕಲ್ಲಿದ್ದಲು ಹಾಕುವವನು ಬೇಕಂತೆ, ಬಾ ಎಂದು ಬರೆದಿದ್ದಾಳೆ. ಕಲ್ಲಿದ್ದಲು ಎತ್ತಿ ಹಾಕುವುದಕ್ಕೆ ನಾನು ಎರಡು ವರ್ಷ ಬಂದೂಕು ಹಿಡಿದೆನೇ?

ನನಗೆ ನಿಮ್ಮ ಕೆಲಸ ಬೇಕು. ಅಗ್ನಿಶಾಮಕನಾಗಬೇಕು. ಚಿಕ್ಕಂದಿನಿಂದ ನಿಮ್ಮ ಕೆಂಪು ಲಾರಿಯ ಹಿಂದೆ ಓಡಿದವನು ನಾನು. ಆದರೆ ಈಗ ಮಗುವಿನ ಹಾಗೆ ಕೇಳುತ್ತಿಲ್ಲ. ಸಂಬಳ ಎಷ್ಟು, ಸರಿಯಾಗಿ ಕೈಗೆ ಬರುತ್ತದೆಯೇ? ಎಷ್ಟು ದಿನ ಕೆಲಸ, ಎಷ್ಟು ದಿನ ಬಿಡುವು? ಒಳಗೆ ಹೋಗುವಾಗ ಹೆದರಿಕೆ ಆಗುತ್ತದೆಯೇ, ಆದರೆ ಎಷ್ಟು ವರ್ಷಕ್ಕೆ ಹೋಗುತ್ತದೆ? ತಾಯಿಯ ಅಣ್ಣನನ್ನು ಬಿಟ್ಟು ಇದನ್ನು ಇನ್ಯಾರ ಹತ್ತಿರ ಕೇಳಲಿ?

ನಿಮ್ಮ
ಕೆಂಜೆಬೆಕ್

*

ಅಕ್‌ಶೋಕಿ
9 ಸೆಪ್ಟೆಂಬರ್ 1999

ಚಿರಂಜೀವಿ ಕೆಂಜೆಬೆಕ್‌ಗೆ,

ಹಸು ಹೆಣ್ಣುಕರು ಹಾಕಿದೆ. ಅತ್ತೆಯ ಮೊಣಕಾಲು ಹವಾಮಾನ ಹೇಳುವುದರಲ್ಲಿ ರೇಡಿಯೋವನ್ನು ಮೀರಿಸಿದೆ. ಉಳಿದ ಎಲ್ಲ ಸೌಖ್ಯ.

ಸಂಬಳ ಕೇಳಿದ್ದೀಯ. ಕಾಗದದ ಮೇಲೆ ಎಂಟು ಸಾವಿರದ ಇನ್ನೂರು ಟೆಂಗೆ. ಎರಡು ಒಳ್ಳೆಯ ಕುರಿ, ಒಂದು ಮೂಟೆ ಹಿಟ್ಟು ತಂದರೆ ಚೊಕ್ಕವಾಗಿ ಮುಗಿಯುತ್ತದೆ. ಅದು ಕೈಗೆ ಯಾವಾಗ ಬರುತ್ತದೆಂದು ಕಾಗದ ಹೇಳುವುದಿಲ್ಲ. ಜೂನ್ ತಿಂಗಳದ್ದು ಮೊನ್ನೆ ಬಂತು. ಹೋದ ಚಳಿಗಾಲ ಎರಡು ತಿಂಗಳ ಸಂಬಳದ ಬದಲು ಶ್ಯಾವಿಗೆ ಕೊಟ್ಟರು, ಮೂಟೆಗಟ್ಟಲೆ. ನಿನ್ನ ಅತ್ತೆ ಮೇ ತಿಂಗಳವರೆಗೂ ಅದನ್ನೇ ಬೇಯಿಸಿದಳು. ಕೊನೆಕೊನೆಗೆ ನಾಯಿಯೂ ಮೂಸಿ ನೋಡಿ ಹೊರಟುಹೋಗುತ್ತಿತ್ತು.

ಒಂದು ದಿನ ಪೂರ್ತಿ, ಬೆಳಗಿನಿಂದ ಬೆಳಗಿನವರೆಗೆ ಡ್ಯೂಟಿ, ಆಮೇಲೆ ಮೂರು ದಿನ ಬಿಡುವು. ಬಿಡುವು ಎಂಬುದು ಹೆಸರಿಗೆ. ಒಬ್ಬ ಟ್ಯಾಕ್ಸಿ ಓಡಿಸುತ್ತಾನೆ, ಇಬ್ಬರು ಬಜಾರಿನಲ್ಲಿ ಮೂಟೆ ಹೊರುತ್ತಾರೆ. ನಾನು ಮನೆಮನೆಗೆ ಹೋಗಿ ಒಲೆ ಕಟ್ಟುತ್ತೇನೆ. ಒಲೆ ಕಟ್ಟುವವನೂ ಇವನೇ, ಹೊಗೆಗೂಡು ಹೊತ್ತಿಕೊಂಡರೆ ಆರಿಸುವವನೂ ಇವನೇ, ಎರಡು ಕಡೆಯೂ ವ್ಯಾಪಾರ ಎಂದು ಜನ ಆಡಿಕೊಳ್ಳುತ್ತಾರೆ.

ಕೆಲಸದ ಮಾತು. ಹತ್ತು ಡ್ಯೂಟಿಯಲ್ಲಿ ಎಂಟು ದಿನ ಆಲೂಗಡ್ಡೆ ಸುಲಿಯುವುದು, ಅಂಗಳ ಗುಡಿಸುವುದು, ಪೈಪು ಒಣಗಿಸುವುದು, ಟ್ಯಾಂಕಿನ ನೀರು ಹೆಪ್ಪುಗಟ್ಟದಂತೆ ಗ್ಯಾರೇಜಿನ ಒಲೆ ಕಾಯುವುದು. ಆಮೇಲೆ ಫೋನು. ನಮ್ಮ ಜನ ಫೋನು ಮಾಡುವ ಚಂದ ಕೇಳು. ಕಳೆದ ತಿಂಗಳು ನಮ್ಮ ಠಾಣೆಯಲ್ಲಿ ಫೋನು ಎತ್ತುವ ಮಾರಿಯಾಶ್‌ಗೆ ಒಬ್ಬ ಅಜ್ಜಿ, "ಸಲಾಂ ಮಗಳೇ, ಚೆನ್ನಾಗಿದೀಯಾ? ಗಂಡ ಮಕ್ಳು, ದನ ಕುರಿ ಎಲ್ಲಾ ಸೌಖ್ಯನಾ?" ಎಂದಳಂತೆ. ಇವಳಿಗೂ ಬಾಯಿ ತಡೆಯದೆ, "ಸೌಖ್ಯ ಅಜ್ಜಿ, ನಿಮ್ಮ ಕಡೆ?" ಎಂದಳು. "ದೇವ್ರು ಚೆನ್ನಾಗಿಟ್ಟಿದಾನೆ. ಕೊಟ್ಟಿಗೆ ಉರೀತಾ ಇದೆ ನೋಡು, ಹುಡುಗ್ರಿಗೆ ಬಿಡುವಾದ್ರೆ ಒಂದ್ ಸಲ ಕಳ್ಸು." ನಾವು ಹೋಗುವಷ್ಟರಲ್ಲಿ ಕೊಟ್ಟಿಗೆ ಇರಲಿಲ್ಲ. ಅಜ್ಜಿ ಚಹಾ ಮಾಡಿಟ್ಟಿದ್ದಳು.

ಹೆದರಿಕೆ ಕೇಳಿದೆ. ಅದನ್ನು ಯಾರೂ ಬರೆದು ತಿಳಿಸಲಾರರು. ನಿನ್ನ ಅಜ್ಜಿ, ಅಂದರೆ ನಮ್ಮ ಅಮ್ಮ, ಒಲೆಯ ಬೆಂಕಿಗೆ ನೀರು ಹೊಯ್ಯುವುದು ಪಾಪ ಎಂದು ನಂಬಿದವಳು. ನಾನು ಈ ಕೆಲಸಕ್ಕೆ ಸೇರಿದಾಗ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ, "ನೀರ್ ಹಾಕೋ ಮುಂಚೆ ಬೆಂಕಿ ಹತ್ರ ತಪ್ಪಾಯ್ತು ಅಂತ ಒಂದ್ ಮಾತು ಹೇಳು" ಎಂದಳು. ಇವತ್ತಿಗೂ ಹೇಳುತ್ತೇನೆ, ಯಾರಿಗೂ ಕೇಳಿಸದ ಹಾಗೆ.

ನೀನು ಒಂದು ವರ್ಷದವನಾದಾಗ, ಮೊದಲ ಹೆಜ್ಜೆ ಇಡುವ ಮಗುವಿನ ಕಾಲಿನ ದಾರ ಕತ್ತರಿಸುವ ಶಾಸ್ತ್ರ ಮಾಡಿದೆವಲ್ಲ, ಕತ್ತರಿ ಹಿಡಿದವನು ನಾನೇ. ಅದರ ಮರುವಾರ ಕೆಲಸಕ್ಕೆ ಸೇರಿದೆ. ಇಪ್ಪತ್ತು ವರ್ಷ ತುಂಬಿದವನಿಗೆ ಬದುಕಿರುವವರೆಗೆ ಅರ್ಧ ಸಂಬಳದ ಪಿಂಚಣಿ. ಒಂದು ದಿನ ಕಡಿಮೆಯಾದರೂ ಇಲ್ಲ. ನಮ್ಮಲ್ಲಿ ಮುಕ್ಕಾಲು ಜನ ಹಲ್ಲು ಕಚ್ಚಿಕೊಂಡು ನಿಂತಿರುವುದು ಅದೊಂದಕ್ಕೆ. ಇಷ್ಟಕ್ಕಾಗಿ ನೀನು ಬರಬೇಕಾಗಿಲ್ಲ. ನಮ್ಮದು ಸಣ್ಣ ಠಾಣೆ, ಗೋಡೆಯಲ್ಲಿ ಹನ್ನೊಂದು ಮೊಳೆ, ಮೊಳೆಗೊಂದು ಕೋಟು. ಬಾಗಿಲ ಕಡೆಯಿಂದ ಏಳನೆಯದು ನನ್ನದು. ಹನ್ನೆರಡನೆಯ ಮೊಳೆಗೆ ಗೋಡೆಯಲ್ಲಿ ಜಾಗವಿದೆ, ಮೇಲಿನವರ ಪಟ್ಟಿಯಲ್ಲಿ ಇಲ್ಲ. ಮೇಜರ್ ಹೇಳಿದ ಕಡೆ ರುಜು ಹಾಕು.

ತಂಗಿಯ ಮಗನಾದ ಜಿಯೆನ್‌ಗೆ ನಗಾಶಿಯ ಹತ್ತಿರ ಮೂರು ಬೇಡಿಕೆಯ ಹಕ್ಕಿದೆ ಎಂದು ಮೀಸೆ ತಿರುವಬೇಡ. ಎರಡು ಮುಗಿದಿವೆ. ಏಳು ವರ್ಷದವನು ನನ್ನ ಕುದುರೆಮರಿ ಕೇಳಿದೆ, ಹಗ್ಗ ಸಮೇತ ಕೊಟ್ಟೆ. ಹದಿನಾರಕ್ಕೆ ಮೋಟಾರ್ ಸೈಕಲ್. ನಾನು ಡ್ಯೂಟಿಯಲ್ಲಿದ್ದಾಗ ಶೆಡ್ಡಿನಿಂದ ಎತ್ತಿಕೊಂಡು ಹೋದೆ, ಅದು ಮುಂದಿನ ದೀಪವಿಲ್ಲದೆ ವಾಪಸು ಬಂತು. ಅದನ್ನು ಎರಡನೆಯದೆಂದು ಲೆಕ್ಕಕ್ಕೆ ಹಿಡಿದಿದ್ದೇನೆ. ಉಳಿದ ಒಂದನ್ನು ಮದುವೆಗೆ ಇಟ್ಟುಕೋ.

ನಿನ್ನ ನಗಾಶಿ
ತೊಕ್ತಾಸಿನ್

*

ಗಡಿ ಠಾಣೆ
24 ಸೆಪ್ಟೆಂಬರ್ 1999

ನಗಾಶಿಗೆ ಸಲಾಂ.

ನಿಮ್ಮ ಪತ್ರವನ್ನು ಬ್ಯಾರಕ್ಕಿನಲ್ಲಿ ಓದಿ ಹೇಳಿದೆ. ಅಜ್ಜಿಯ ಫೋನಿಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಗುಡ್ಡದ ಕಾವಲಿಗೆ ಹೋದಾಗ ಒಬ್ಬನೇ ಮತ್ತೆ ಓದಿದೆ, ನಗು ಬರಲಿಲ್ಲ.

ನೀವು ಏನೇನೋ ಹೇಳಿ, ಹೇಳಬೇಕಾದ್ದನ್ನು ಮಾತ್ರ ಹೇಳಿಲ್ಲ. ನಾನೇ ಹೇಳುತ್ತೇನೆ. ಹದಿನಾಲ್ಕು ವರ್ಷದವನಿದ್ದಾಗ ನಿಮ್ಮ ಅಂಗಳದಲ್ಲಿ ಕುರಿಯ ಕಾಲು ಹಿಡಿದುಕೋ ಎಂದಿರಿ, ರಕ್ತ ನೋಡಿ ನಾನು ತಲೆಸುತ್ತಿ ಬಿದ್ದೆ. ನೀವು ಬಕೆಟ್ ನೀರು ಸುರಿದು ಎಬ್ಬಿಸಿದಿರಿ. ಅವತ್ತಿನಿಂದ ನಿಮ್ಮ ಕಣ್ಣಿಗೆ ನಾನು ಅದೇ. ಇವನನ್ನು ಬೆಂಕಿಯೊಳಗೆ ಕಳಿಸಿದರೆ ಇವನನ್ನೇ ಹೊತ್ತು ತರಬೇಕು ಎಂದುಕೊಂಡಿದ್ದೀರಿ, ಹೇಳಲು ಬಾಯಿ ಬಾರದೆ ಶ್ಯಾವಿಗೆಯ ಕಥೆ ಬರೆದಿದ್ದೀರಿ. ಮೊಳೆಯ ಮಾತೂ ನೆಪವೇ. ಹೋದ ವರ್ಷ ಟ್ರ್ಯಾಕ್ಟರ್ ಅಸಾನನ ಮಗನಿಗೆ ಮೊಳೆ ಸಿಕ್ಕಿತಲ್ಲ? ಪರರ ಮಗನಿಗೆ ಸಿಕ್ಕಿದ್ದು ತಂಗಿಯ ಮಗನಿಗೆ ಸಿಗುವುದಿಲ್ಲವೇ?

ನನಗೆ ನಿಜವಾಗಿ ನೋವಾಯಿತು. ಬೇರೆ ಯಾರು ಹೇಳಿದ್ದರೂ ಆಗುತ್ತಿರಲಿಲ್ಲ.

ಹಾಗಾದರೆ ಹಕ್ಕಿನಿಂದಲೇ ಕೇಳುತ್ತೇನೆ. ಜಿಯೆನ್ ಮೂರು ಸಲ ಕೇಳಿದ್ದಕ್ಕೆ ನಗಾಶಿಯಾದವನು ಇಲ್ಲವೆನ್ನುವ ಹಾಗಿಲ್ಲ. ಇದು ನನ್ನ ಮೂರನೆಯದು. ನಿಮ್ಮ ಠಾಣೆಯಲ್ಲಿ ನನಗೊಂದು ಜಾಗ ಕೊಡಿಸಿ. ಮದುವೆಗೆ ನಾನೇ ದುಡಿದುಕೊಳ್ಳುತ್ತೇನೆ.

ಅತ್ತೆಗೆ ನಮಸ್ಕಾರ.

ಕೆಂಜೆಬೆಕ್

*

ಅಕ್‌ಶೋಕಿ
14 ಅಕ್ಟೋಬರ್ 1999

ಕೆಂಜೆಬೆಕ್,

ಕೇಳಿದೆ, ಆಯಿತು. ನಮ್ಮ ಠಾಣೆಯ ಮುಖ್ಯಸ್ಥ ಕ್ಯಾಪ್ಟನ್ ವೆಬರ್ ಹತ್ತಿರ ಮಾತಾಡಿದ್ದೇನೆ. ನವೆಂಬರ್ ಇಪ್ಪತ್ತಾರರಿಂದ ನಿನಗೆ ಜಾಗ ಇದೆ. ಸೇನೆಯ ಕಾಗದ, ವೈದ್ಯರ ಕಾಗದ, ನಾಲ್ಕು ಫೋಟೋ ತೆಗೆದುಕೊಂಡು ನೆಟ್ಟಗೆ ಠಾಣೆಗೆ ಹೋಗು. ನಾನು ಆ ದಿನ ಒಲೆ ಕಟ್ಟಲು ಹಳ್ಳಿಯ ಕಡೆ ಹೋಗಿರಬಹುದು, ನನಗಾಗಿ ಕಾಯಬೇಡ. ನಿನ್ನ ಕೋಟು ಏಳನೇ ಮೊಳೆಯಲ್ಲಿದೆ. ತೋಳು ಸ್ವಲ್ಪ ಉದ್ದವಾದೀತು, ಮಡಿಸಿಕೋ. ಬೂಟು ಅದರ ಕೆಳಗೆ. ಒಂದು ಬೆರಳು ದೊಡ್ಡದು, ಉಣ್ಣೆಯ ಕಾಲುಚೀಲ ಎರಡು ಜೊತೆ ಹಾಕು. ನಿನ್ನ ತಾಯಿಗೆ ಈಗಲೇ ಏನೂ ಬರೆಯಬೇಡ, ಬಂದ ಮೇಲೆ ತಾನಾಗಿ ತಿಳಿಯುತ್ತದೆ.

ಕುರಿಯ ದಿನವನ್ನು ನಾನು ಮರೆತೇಬಿಟ್ಟಿದ್ದೆ. ಮೊದಲ ಬೆಂಕಿಯ ದಿನ ನಾನು ಲಾರಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡವನು. ಬೀಳುವುದು ತಪ್ಪಲ್ಲ.

ಹೆದರಿಕೆಯ ಪ್ರಶ್ನೆಗೆ ಹೋದ ಸಲ ನಾನು ಉತ್ತರ ಕೊಡಲಿಲ್ಲ. ನೀನು ಬರಬಾರದೆಂದು ನಗಿಸುವ ಮಾತನ್ನಷ್ಟೇ ಬರೆದೆ. ಈಗ ಬರುತ್ತೀಯ, ಆದ್ದರಿಂದ ತಿಳಿದಿರಬೇಕು.

ನೀನು ಸೇನೆಗೆ ಹೋದ ಮೊದಲ ಫೆಬ್ರವರಿ. ಹಿಮಗಾಳಿ ಎಷ್ಟಿತ್ತೆಂದರೆ ಲಾರಿಯ ಮುಂದೆ ಒಬ್ಬನನ್ನು ನಡೆಸಿಕೊಂಡು ಹೋದೆವು. ಗೋಧಿ ಗೋದಾಮಿನ ಹಿಂದಿನ ಬೀದಿಯಲ್ಲಿ ಮನೆ. ಸೊಸೆ ಅಂಗಳದಲ್ಲಿ ನಿಂತು, "ಅತ್ತೆ ಒಳಗಡೆ ಇದಾರೆ" ಎಂದು ಅಷ್ಟನ್ನೇ ಹೇಳುತ್ತಿದ್ದಳು. ನಾನು ಒಳಗೆ ಹೋದೆ. ಹೊಗೆಯಲ್ಲಿ ಕಣ್ಣಿಗೆ ಕೆಲಸವಿಲ್ಲ, ಕೈಯಿಂದಲೇ ನೋಡಬೇಕು. ನಮ್ಮ ಮನೆಗಳಲ್ಲಿ ಬಾಗಿಲ ಎದುರು ಗೋಡೆಗೆ ಮದುವೆಯ ಕೌದಿಗಳನ್ನು ಒಟ್ಟಿಟ್ಟಿರುತ್ತಾರಲ್ಲ, ಅಲ್ಲಿ ತಡಕಿದೆ. ಮೆತ್ತಗೆ ಸಿಕ್ಕಿತು, ಭಾರವೂ ಇತ್ತು. ಸಿಕ್ಕಳು ಎಂದು ಎದೆಗೆ ಅವಚಿಕೊಂಡು ಹೊರಗೆ ಓಡಿದೆ. ಅಂಗಳದಲ್ಲಿ ಇಳಿಸಿ ನೋಡಿದರೆ ಸುತ್ತಿಟ್ಟ ಕೌದಿ.

ಸೊಸೆ ಕೌದಿಯನ್ನು ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮತ್ತೆ ಹೋದೆ. ಮುದುಕಿ ಆ ಕೌದಿಯ ರಾಶಿಗೇ ಒರಗಿ ಕೂತಿದ್ದಳು, ಮೊದಲ ಸಲ ನನ್ನ ಮೊಣಕೈಗೆ ತಗುಲುವಷ್ಟು ಹತ್ತಿರದಲ್ಲಿ. ಅವಳನ್ನು ಹೊರಗೆ ಹೊತ್ತುಕೊಂಡು ಬಂದೆ. ಮೂರು ದಿನ ಬದುಕಿದ್ದಳು. ಆಸ್ಪತ್ರೆಗೆ ನೋಡಲು ಹೋದಾಗ, "ಯಾರ ಮಗನಪ್ಪಾ ನೀನು? ಚಹಾ ಕುಡಿದ್ಯಾ?" ಎಂದು ಕೇಳಿದಳು. ನಾನು ಯಾರೆಂದು ಹೇಳಲಿಲ್ಲ. ಇದನ್ನು ನಿನ್ನ ಅತ್ತೆಯನ್ನು ಬಿಟ್ಟು ಯಾರಿಗೂ ಹೇಳಿಲ್ಲ.

ಕೈಗೆ ಬಟ್ಟೆ ಸಿಕ್ಕರೆ ನಂಬಬೇಡ. ಕೂದಲು ಸಿಗುವವರೆಗೆ ತಡಕು. ಇಷ್ಟು ವರ್ಷದಲ್ಲಿ ನಾನು ಕಲಿತದ್ದರಲ್ಲಿ ನಿನಗೆ ಕೊಡುವಂಥದ್ದು ಇದೊಂದೇ. ಹೆದರಿಕೆ ಹೋಗುವುದಿಲ್ಲ, ಅದು ಹೋಗಬಾರದು. ಎಂಟು ಸಾವಿರ ಇದಕ್ಕೆ ಹೆಚ್ಚೋ ಕಡಿಮೆಯೋ ಎಂದು ನಾನು ಯೋಚಿಸುವುದನ್ನು ಬಿಟ್ಟಿದ್ದೇನೆ.

ತೊಕ್ತಾಸಿನ್

*

ಗಡಿ ಠಾಣೆ
26 ಅಕ್ಟೋಬರ್ 1999

ನನ್ನ ನಗಾಶಿಗೆ,

ನಿಮ್ಮ ಪತ್ರ ನಿನ್ನೆ ಸಂಜೆ ಬಂತು. ಮೊದಲು ಕುಣಿದಾಡಿದೆ. ಬ್ಯಾರಕ್ಕಿನವರಿಗೆಲ್ಲ ಸಕ್ಕರೆ ಹಂಚಿದೆ. ಆಮೇಲೆ ಮುದುಕಿಯ ಸಂಗತಿ ಓದಿ ಉಳಿದ ಸಕ್ಕರೆಯನ್ನು ಕಟ್ಟಿಟ್ಟೆ. ನೀವು ಅದನ್ನು ನನಗೆ ಹೇಳಿದಿರಿ ಎಂಬುದೇ ನನಗೆ ದೊಡ್ಡದು. ಅಂಥದ್ದನ್ನು ಹೇಳಿದವರು ಇನ್ನೇನನ್ನಾದರೂ ಮುಚ್ಚಿಟ್ಟಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಇವತ್ತು ಬೆಳಗ್ಗೆ, ಕಾಲುಚೀಲ ಹಾಕಿಕೊಳ್ಳುವಾಗ. ಎರಡು ಜೊತೆ ಹಾಕಬೇಕಾದಷ್ಟು ದೊಡ್ಡ ಬೂಟು ಯಾರದ್ದು? ನಿಮ್ಮ ಸೆಪ್ಟೆಂಬರ್ ಪತ್ರ ತೆಗೆದೆ. ಬಾಗಿಲ ಕಡೆಯಿಂದ ಏಳನೆಯ ಮೊಳೆ ನಿಮ್ಮದು ಎಂದು ನೀವೇ ಬರೆದಿದ್ದೀರಿ.

ಗೋಡೆಗೆ ಹನ್ನೆರಡನೆಯ ಮೊಳೆ ಬಿದ್ದಿಲ್ಲ. ನೀವು ನಿಮ್ಮ ಕೋಟು ಬಿಚ್ಚಿ ನನಗೆ ಜಾಗ ಮಾಡಿದ್ದೀರಿ.

ನನ್ನ ಕಾಲಿನ ದಾರ ಕತ್ತರಿಸಿದ ಮರುವಾರ ಕೆಲಸಕ್ಕೆ ಸೇರಿದಿರಿ. ಆಗ ನನಗೆ ಒಂದು ವರ್ಷ, ಈಗ ಇಪ್ಪತ್ತು. ಅಂದರೆ ನಿಮ್ಮ ಸೇವೆಗೆ ಹತ್ತೊಂಬತ್ತು ವರ್ಷವಷ್ಟೇ ತುಂಬಿದೆ. ಶಾಸ್ತ್ರ ಆದದ್ದು ಜೂನ್ ಕೊನೆಗೆ, ಬರುವ ಜುಲೈ ಬಂದರೆ ಇಪ್ಪತ್ತು. ನವೆಂಬರ್‌ನಲ್ಲಿ ಬಿಟ್ಟರೆ ಏನೂ ಇಲ್ಲ, ಒಂದು ದಿನ ಕಡಿಮೆಯಾದರೂ ಇಲ್ಲ ಎಂದವರು ನೀವೇ. ಹಿಮಗಾಳಿ, ಹೊಗೆ, ಶ್ಯಾವಿಗೆ, ಆ ಮುದುಕಿ, ಎಲ್ಲವನ್ನೂ ನೀವು ನುಂಗಿಕೊಂಡದ್ದು ಯಾವುದಕ್ಕೋ, ಅದನ್ನು ನಾನು ಒಂದು ಸಿಟ್ಟಿನ ಪತ್ರದಲ್ಲಿ ಕಿತ್ತುಕೊಂಡೆ. ಹೆದರುಪುಕ್ಕಲ ಎಂದುಕೊಂಡಿದ್ದೀರಿ ಎಂದು ನಿಮ್ಮ ಮೇಲೆ ಹೊರಿಸಿದೆ. ನಾಚಿಕೆಯಾಗುತ್ತಿದೆ ನಗಾಶಿ. ಅಮ್ಮನಿಗೆ ಬರೆಯಬೇಡ ಎಂದಿರಿ, ಯಾಕೆಂದು ಈಗ ತಿಳಿಯಿತು. ಅವಳಿಗೆ ಗೊತ್ತಾಗಿದ್ದರೆ ನನ್ನನ್ನು ಬ್ರೆಡ್ಡಿನ ಒಲೆಗೆ ಹಾಕುತ್ತಿದ್ದಳು.

ಕೇಳಿದ್ದು ಕೇಳಿದ ಹಾಗೆ, ಮೂರೂ ಮುಗಿಯಿತು, ವಾಪಸು ತೆಗೆದುಕೊಳ್ಳುವ ಹಾಗಿಲ್ಲ ಎಂದು ನೀವು ಹಟ ಹಿಡಿಯುತ್ತೀರಿ. ನಿಮ್ಮ ಹಟ ನನಗೆ ಗೊತ್ತು. ಆದರೆ ನಿಮ್ಮ ಲೆಕ್ಕ ತಪ್ಪಿದೆ. ಕುದುರೆಮರಿ ಕೇಳಿದೆ, ಒಂದು. ಠಾಣೆಯ ಜಾಗ ಕೇಳಿದೆ, ಎರಡು. ಮೋಟಾರ್ ಸೈಕಲ್ ನಾನು ಕೇಳಲೇ ಇಲ್ಲ. ಕದ್ದೆ. ನೀವು ಡ್ಯೂಟಿಯಲ್ಲಿದ್ದಿರಿ, ಅತ್ತೆ ಹಾಲು ಕರೆಯುತ್ತಿದ್ದರು, ಶೆಡ್ಡಿನ ಬೀಗವನ್ನು ಕಬ್ಬಿಣದ ಸಲಾಕೆಯಿಂದ ಮುರಿದೆ. ನೀವು ಕೊಡಲಿಲ್ಲ, ನಾನು ಬೇಡಲಿಲ್ಲ. ಯಾವ ಹಿರಿಯರ ಮುಂದೆ ಬೇಕಾದರೂ ಹೇಳುತ್ತೇನೆ, ಕದ್ದ ಮಾಲನ್ನು ಬೇಡಿಕೆ ಎನ್ನುವ ಪದ್ಧತಿ ನಮ್ಮಲ್ಲಿಲ್ಲ.

ಹಾಗಾಗಿ ನನ್ನ ಮೂರನೆಯದು ಇನ್ನೂ ನನ್ನ ಹತ್ತಿರವೇ ಇದೆ. ಈಗ ಕೇಳುತ್ತೇನೆ. ನೀವು ಕ್ಯಾಪ್ಟನ್‌ಗೆ ಬರೆದುಕೊಟ್ಟ ರಾಜೀನಾಮೆ ಕಾಗದ ನನಗೆ ಬೇಕು. ಲಕೋಟೆಯಲ್ಲಿ ಹಾಕಿ ಕಳಿಸಿ.

ಮೇಜರ್‌ಗೆ ರುಜು ಹಾಕುವುದಿಲ್ಲ ಎಂದು ಹೇಳಿಬಂದೆ. "ಕೆಲ್ಸ ಸಿಕ್ತೇನೋ?" ಎಂದರು. "ಸಿಕ್ತು, ಶಾಲೆ ಬಾಯ್ಲರ್‌ಗೆ ಕಲ್ಲಿದ್ದಲು ಹಾಕೋದು" ಎಂದೆ. ಗುಡ್ಡದ ಕಡೆ ತಿರುಗಿ ನಗುತ್ತಾ ನಿಂತರು. ನಗಲಿ. ಒಂದು ಚಳಿಗಾಲ ಬೆಂಕಿ ಉರಿಸುವುದನ್ನು ಕಲಿಯುತ್ತೇನೆ. ಜುಲೈವರೆಗೆ ಕಾಯಬಲ್ಲೆ, ಗುಡ್ಡ ನೋಡಿ ಅಭ್ಯಾಸವಿದೆ.

ನಿಮ್ಮ ಜಿಯೆನ್
ಕೆಂಜೆಬೆಕ್

*

ಅಕ್‌ಶೋಕಿ
11 ನವೆಂಬರ್ 1999

ಕೆಂಜೆಬೆಕ್,

ನಾನು ಡ್ಯೂಟಿಯಲ್ಲಿದ್ದಾಗ ನಿನ್ನ ಪತ್ರ ಮನೆಗೆ ಬಂದಿದೆ. ಅತ್ತೆ ಒಡೆದು ಓದಿದ್ದಾಳೆ. ಅವಳಿಗೂ ನಾನು ಏನೂ ಹೇಳಿರಲಿಲ್ಲ. ಬೆಳಗ್ಗೆ ಬಾಗಿಲಲ್ಲೇ ನಿಲ್ಲಿಸಿ, "ಇಪ್ಪತ್ತು ವರ್ಷ ನಿಮ್ ಬಟ್ಟೆ ಹೊಗೆ ನಾನ್ ಒಗ್ದಿದೀನಿ. ಆ ಪಿಂಚಣೀಲಿ ಅರ್ಧ ನಂದು. ನನ್ನ ಕೇಳ್ದೆ ಯಾರಿಗ್ರೀ ಕೊಟ್ರಿ?" ಎಂದಳು. ಪತ್ರವನ್ನು ಕೈಗೆ ಕೊಟ್ಟು, "ಹುಡ್ಗ ಹೇಳಿದ್ದು ನ್ಯಾಯ. ಆ ಬೀಗ ಮುರಿದಿದ್ದು ಇವತ್ತಿಗೂ ಹಾಗೇ ಇದೆ, ಹೋಗಿ ನೋಡ್ಕೊಂಡ್ ಬನ್ನಿ" ಎಂದಳು.

ಓದಿದೆ. ಓದಿ ಕಣ್ಣೀರು ಬಂತು, ಮುದುಕನಾದೆ ಅನಿಸುತ್ತದೆ. ಶೆಡ್ಡಿಗೂ ಹೋಗಿ ನೋಡಿದೆ. ಬೀಗ ಮುರಿದೇ ಇದೆ.

ಠಾಣೆಗೆ ಹೋಗಿ ಕಾಗದ ವಾಪಸು ಕೇಳಿದೆ. ಕ್ಯಾಪ್ಟನ್ ವೆಬರ್ ಮೇಜಿನ ಖಾನೆಯಿಂದ ತೆಗೆದು ಎಸೆದ. "ಪಿಂಚಣಿಗೆ ಇನ್ನು ಎಂಟು ತಿಂಗ್ಳೂ ಇಲ್ದೋನು ಬರ್ಕೊಟ್ರೆ ನಾನು ಮೇಲಕ್ ಕಳಿಸ್ತೀನಾ? ಈ ಕತ್ತೆ ಯಾವತ್ತು ವಾಪಸ್ ಬರುತ್ತೆ ಅಂತ ಕಾಯ್ತಿದ್ದೆ ಕಣಯ್ಯಾ. ಇಪ್ಪತ್ತೈದರವರೆಗೆ ಕಾಯ್ದು, ಆಮೇಲೆ ನಾನೇ ಹರೀತಿದ್ದೆ" ಎಂದ. ನಾನು ಅವನ ಮೇಲೆ ಸಿಟ್ಟು ಮಾಡಲಿಲ್ಲ. ಕೂತು ಇಬ್ಬರೂ ಚಹಾ ಕುಡಿದೆವು.

ಆ ಕಾಗದ ಈ ಲಕೋಟೆಯಲ್ಲಿದೆ. ಬ್ಯಾರಕ್ಕಿನ ಒಲೆಗೆ ಹಾಕು. ಅದು ಪೂರ್ತಿ ಉರಿಯಲಿ, ಮಧ್ಯೆ ಆರಿಸಬೇಡ.

ಚಳಿಗಾಲವೆಲ್ಲ ಬಾಯ್ಲರ್ ನೋಡಿಕೋ. ನಿನ್ನ ಡ್ಯೂಟಿ ಇಲ್ಲದ ದಿನ ನನ್ನ ಜೊತೆ ಒಲೆ ಕಟ್ಟಲು ಬಾ, ಹೊಗೆ ಯಾವ ದಾರಿ ಹಿಡಿಯುತ್ತದೆಂದು ತಿಳಿದವನು ಕಡಿಮೆ ಹೆದರುತ್ತಾನೆ. ಜೂನ್‌ನಲ್ಲಿ ಪರೀಕ್ಷೆ. ಅದನ್ನು ನೀನೇ ಗೆಲ್ಲಬೇಕು, ನಾನು ವೆಬರ್ ಹತ್ತಿರ ಒಂದು ಮಾತೂ ಆಡುವುದಿಲ್ಲ.

ಜುಲೈ ಐದಕ್ಕೆ ನನಗೆ ಇಪ್ಪತ್ತು ತುಂಬುತ್ತದೆ. ಅವತ್ತು ಬೆಳಗ್ಗೆ ಕೋಟು ಏಳನೇ ಮೊಳೆಗೆ ನೇತುಹಾಕಿ, ಬೂಟು ಕೆಳಗಿಟ್ಟು, ಮನೆಗೆ ಬಂದು ಮಲಗುತ್ತೇನೆ. ಠಾಣೆಯ ಬಾಗಿಲಿಗೆ ಬೀಗ ಹಾಕುವುದಿಲ್ಲ. ಇನ್ನು ಮೇಲೆ ನನ್ನನ್ನು ಏನೂ ಕೇಳಬೇಡ, ನಿನ್ನ ಮೂರೂ ಈಗ ನಿಜವಾಗಿ ಮುಗಿದಿವೆ. ಬೂಟು ಬೇಕಾದರೆ ಕದ್ದುಕೊಂಡು ಹೋಗು.

ನಿನ್ನ ನಗಾಶಿ
ತೊಕ್ತಾಸಿನ್